ಪೀಕ್ ಕೇಜಾ, ಟೈಟಾನಿಯಂ ಕೇಜಾ? ಮೊದಲು ಅಮ್ಮನ ಮೂಳೆ ಪರೀಕ್ಷೆ ಮಾಡಿಸಿ

ಕುಂಬಳೆಯವರು ನೀವು, ಅಮ್ಮನಿಗೆ 64 ವರ್ಷ, ಸೊಂಟದ ಹತ್ತಿರ ಬೆನ್ನೆಲುಬಿನ ಎಲ್4-ಎಲ್5 ಮೂಳೆ ಜಾರಿದೆ, ಅವೆರಡನ್ನೂ ಕೂಡಿಸುವ ಸಣ್ಣ ಗಾಯದ ಫ್ಯೂಷನ್ ಆಪರೇಷನ್‌ಗೆ ಪೀಕ್, ಟೈಟಾನಿಯಂ, ಒಳಗೆ ಹೋಗಿ ಹಿಗ್ಗುವ ಕೇಜ್ (ಡಿಸ್ಕ್, ಅಂದರೆ ಮೂಳೆಗಳ ನಡುವಿನ ಮೆತ್ತೆ ತೆಗೆದ ಜಾಗದಲ್ಲಿ ಇಡುವ ಸಣ್ಣ ಆಸರೆ) ಅಂತ ಮೂರು ರೇಟು ಹೇಳಿದ್ದಾರೆ, ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಳ್ಳುವವನು. ಇದೇ ಆಪರೇಷನ್ ಮಂಗಳೂರಿನಲ್ಲಿ ಆಗಿ ಎರಡು ವರ್ಷ ಆಯಿತು. ಈಗ ಬಗ್ಗಿ ಅಡಿಕೆ ಹೆಕ್ಕುತ್ತೇನೆ.

ನನಗೆ ಹಾಕಿದ್ದು ಪೀಕ್. ಅದು ಗಟ್ಟಿ ಪ್ಲಾಸ್ಟಿಕ್ಕಿನ ಜಾತಿ, ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಮೊದಲ ಫಿಲ್ಮ್‌ನಲ್ಲಿ ನಾಲ್ಕು ಸ್ಕ್ರೂ, ಎರಡು ರಾಡ್ ಬೆಳ್ಳಗೆ ಕಂಡವು, ಕೇಜ್ ಇರಬೇಕಾದ ಜಾಗ ಖಾಲಿ. ಎದೆ ಧಸಕ್ಕೆಂದಿತು. ಡಾಕ್ಟರ್ ಪೆನ್ನಿನ ತುದಿಯಿಂದ ಸಣ್ಣ ಚುಕ್ಕೆಗಳನ್ನು ತೋರಿಸಿದರು. ಜಾಗ ಗೊತ್ತಾಗಲಿ ಅಂತಲೇ ಇಟ್ಟ ಲೋಹದ ಗುರುತು ಅವು. ಹೀಗೆ ಕಾಣದಿರುವುದು ಒಳ್ಳೆಯದೇ, ಒಳಗೆ ಮೂಳೆ ಬೆಳೆದಿದೆಯಾ ಅಂತ ಸಿಟಿ ಸ್ಕ್ಯಾನ್‌ನಲ್ಲಿ ಸಲೀಸಾಗಿ ನೋಡಬಹುದು. ಆದರೆ ಪೀಕ್‌ನ ಮೈಗೆ ಮೂಳೆ ಅಷ್ಟಾಗಿ ಅಂಟುವುದಿಲ್ಲ. ಟೈಟಾನಿಯಂಗೆ ಅಂಟುತ್ತದೆ. ಈಗಿನ 3ಡಿ ಪ್ರಿಂಟ್ ಟೈಟಾನಿಯಂ ಸ್ಪಂಜಿನ ಹಾಗೆ ತೂತು ತೂತಾಗಿರುವುದರಿಂದ ಮೂಳೆ ಅದರೊಳಗೂ ಹೊಕ್ಕುತ್ತದೆ. ಹಳೆಯ ಗಟ್ಟಿ ಟೈಟಾನಿಯಂ ಮಾತ್ರ ಮೂಳೆಗಿಂತ ಎಷ್ಟೋ ಪಾಲು ಬಿಗಿ, ಮೆತ್ತಗಿನ ಮೂಳೆಯಲ್ಲಿ ಹೂತುಹೋಗುವ ಭಯ ಇರುತ್ತದೆ.

ಹಿಗ್ಗುವ ಕೇಜ್ ಸಣ್ಣದಾಗಿ ಒಳಹೋಗಿ ಅಲ್ಲೇ ಎತ್ತರ ಆಗುತ್ತದೆ, ನರವನ್ನು ಜಾಸ್ತಿ ಸರಿಸಬೇಕಾಗಿಲ್ಲ. ಆದರೆ ಅತಿಯಾಗಿ ಎತ್ತರಿಸಿದರೆ ಅದೂ ಮೂಳೆಯೊಳಗೆ ಕುಸಿಯುತ್ತದೆ.

ಹಾಗಾಗಿ ಮೊದಲು ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬರುವ ಟಿ-ಸ್ಕೋರ್ ಅನ್ನುವ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಮೂಳೆ ಟೊಳ್ಳಾಗುವ ಕಾಯಿಲೆ (ಆಸ್ಟಿಯೊಪೊರೋಸಿಸ್) ಅಂತ ಲೆಕ್ಕ. ಆಗ ಆಪರೇಷನ್‌ಗೆ ಮುಂಚೆಯೇ ಮೂಳೆಗೆ ಔಷಧಿ ಬೇಕಾ ಅಂತ ಕೇಳಲೇಬೇಕು. ಆಮೇಲೆ ಡಾಕ್ಟರ್ ಹತ್ತಿರ ನೇರವಾಗಿ ಕೇಳಿ, ನೀವು ಜಾಸ್ತಿ ಹಾಕಿ ಅಭ್ಯಾಸ ಇರುವ ಕೇಜ್ ಯಾವುದು ಅಂತ. ಡಿಸ್ಕ್ ಎಷ್ಟು ಚೆನ್ನಾಗಿ ತೆಗೆದು ಸ್ವಚ್ಛ ಮಾಡುತ್ತಾರೆ, ನಮ್ಮದೇ ಮೂಳೆಯ ಚೂರುಗಳನ್ನು ಎಷ್ಟು ತುಂಬುತ್ತಾರೆ, ಕೂಡುವುದು ಅದರ ಮೇಲೆ ನಿಂತಿದೆ. ಕೇಜ್ ಆ ಜಾಗವನ್ನು ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೆ.

ಇನ್ನೊಂದು ಮಾತು, ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ? ಹಾಕುವುದಿದ್ದರೆ ಈಗಲೇ ಬಿಡಿಸಿ, ಮೂಳೆ ಕೂಡುವುದಕ್ಕೆ ನಿಕೋಟಿನ್ ಅಡ್ಡ ಬರುತ್ತದೆ. ನಾನು ಆಪರೇಷನ್‌ಗೆ ಎರಡು ತಿಂಗಳು ಮುಂಚೆ ಬಿಟ್ಟೆ. ಬಹಳ ಕಷ್ಟ ಆಯಿತು, ಆದರೂ ಬಿಟ್ಟೆ.