ಓದುಗರ ಪ್ರಶ್ನೆಗಳು: ಕಾಯಿಲೆಯ ಜೊತೆ ಬಾಳಲು ಕಲಿಸುವ ಆರು ವಾರದ ಕಾರ್ಯಾಗಾರ

ಪ್ರಶ್ನೆ: ನನ್ನ ತಾಯಿಗೆ ಸಕ್ಕರೆ ಕಾಯಿಲೆ ಮತ್ತು ಮಂಡಿನೋವು ಎರಡೂ ಇವೆ. ದೀರ್ಘಕಾಲದ ಕಾಯಿಲೆ ಇರುವವರ ಕಾರ್ಯಾಗಾರಕ್ಕೆ ಅವರನ್ನು ಸೇರಿಸಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಅಲ್ಲಿ ಉಬ್ಬಸ, ಹೃದಯದ ತೊಂದರೆ, ಖಿನ್ನತೆ ಇರುವವರೆಲ್ಲ ಒಟ್ಟಿಗೇ ಕೂರುತ್ತಾರಂತೆ. ನಡೆಸುವವರು ವೈದ್ಯರೂ ಅಲ್ಲವಂತೆ. ಇದರಿಂದ ಅಮ್ಮನಿಗೇನು ಪ್ರಯೋಜನ?

ಉತ್ತರ: ಕಾಯಿಲೆಗಳ ಹೆಸರು ಬೇರೆ ಬೇರೆಯಾದರೂ ಅವು ದಿನನಿತ್ಯ ಕೊಡುವ ಕಾಟ ಬಹುಪಾಲು ಒಂದೇ. ನೋವು, ಸುಸ್ತು, ನಿದ್ದೆಗೇಡು, ಮುಂದೇನೋ ಎಂಬ ಭಯ ಎಲ್ಲರಲ್ಲೂ ಇರುತ್ತವೆ, ಒಂದು ಇನ್ನೊಂದನ್ನು ಬೆಳೆಸುತ್ತದೆ. ಮಂಡಿ ನೋಯುತ್ತದೆಂದು ನಡೆಯುವುದು ನಿಂತರೆ ಮಂಡಿಗೆ ಆಸರೆಯಾದ ತೊಡೆಯ ಸ್ನಾಯು ಸೊರಗುತ್ತದೆ, ನೋವು ಇನ್ನಷ್ಟಾಗುತ್ತದೆ, ರಾತ್ರಿ ನಿದ್ದೆ ಕೆಡುತ್ತದೆ. ಓಡಾಟವಿಲ್ಲದೆ ಸಕ್ಕರೆಯೂ ಏರುತ್ತದೆ. ಈ ಸುತ್ತನ್ನು ಎಲ್ಲಿ ತುಂಡರಿಸಬಹುದು ಎಂದು ಹುಡುಕುವುದೇ ಕಾರ್ಯಾಗಾರದ ಕೆಲಸ. ಅದಕ್ಕೆ ಒಂದೇ ಕಾಯಿಲೆಯವರು ಸೇರಬೇಕಿಲ್ಲ.

ಹೆಚ್ಚು ಬಳಕೆಯಲ್ಲಿರುವ ಮಾದರಿಯನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಕೇಟ್ ಲೋರಿಗ್ ಮತ್ತು ಸಂಗಡಿಗರು ರೂಪಿಸಿದರು. ಮೊದಲು ಅದು ಸಂಧಿವಾತದವರಿಗಾಗಿ ಇತ್ತು, ಆಮೇಲೆ ಎಲ್ಲ ದೀರ್ಘಕಾಲದ ಕಾಯಿಲೆಗಳಿಗೂ ಹಿಗ್ಗಿತು. ವಾರಕ್ಕೊಮ್ಮೆ ಎರಡೂವರೆ ಗಂಟೆಯಂತೆ ಆರು ವಾರ ನಡೆಯುತ್ತದೆ. ತರಬೇತಿ ಪಡೆದ ಇಬ್ಬರು ಜೊತೆಯಾಗಿ ನಡೆಸುತ್ತಾರೆ, ಅವರಲ್ಲಿ ಒಬ್ಬರಾದರೂ ಸ್ವತಃ ಇಂಥ ಕಾಯಿಲೆಯ ಜೊತೆ ಬದುಕುತ್ತಿರುವವರಾಗಿರುತ್ತಾರೆ. ಇಲ್ಲಿ ಚಿಕಿತ್ಸೆ ಕೊಡುವುದಿಲ್ಲ, ಆದ್ದರಿಂದ ನಡೆಸುವವರು ವೈದ್ಯರಲ್ಲ ಎಂಬುದು ಕೊರತೆಯಲ್ಲ. ತನ್ನಂತೆಯೇ ಕಷ್ಟಪಟ್ಟು ದಾರಿ ಕಂಡುಕೊಂಡವರ ಮಾತಿಗೆ ಬೇರೆಯದೇ ತೂಕವಿದೆ.

ಆದರೆ ನಿರೀಕ್ಷೆ ಸರಿಯಾಗಿರಲಿ. 1999ರಲ್ಲಿ ಪ್ರಕಟವಾದ ಆ ತಂಡದ ಅಧ್ಯಯನದಲ್ಲಿ ಆರು ತಿಂಗಳ ನಂತರ ಭಾಗವಹಿಸಿದವರ ವ್ಯಾಯಾಮ ಹೆಚ್ಚಿತ್ತು, ಸುಸ್ತು ಮತ್ತು ಆರೋಗ್ಯದ ಚಿಂತೆ ತಗ್ಗಿತ್ತು, ಆಸ್ಪತ್ರೆಗೆ ದಾಖಲಾಗುವುದೂ ಕಡಿಮೆಯಾಗಿತ್ತು. ನೋವಿನಲ್ಲಿ ಮಾತ್ರ ಗಮನಿಸುವಂಥ ವ್ಯತ್ಯಾಸ ಕಾಣಲಿಲ್ಲ. ಬ್ರಿಟನ್ನಿನಲ್ಲಿ ಇದೇ ಮಾದರಿಯನ್ನು ಪರೀಕ್ಷಿಸಿದಾಗ ಆತ್ಮವಿಶ್ವಾಸ ಹೆಚ್ಚಿತು, ವೈದ್ಯರ ಬಳಿ ಹೋಗುವುದು ಕಡಿಮೆಯಾಗಲಿಲ್ಲ. ನೋವೇ ಹೋಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ. ನೋವಿದ್ದೂ ಅಮ್ಮ ತನ್ನ ಕೆಲಸ ತಾನು ಮಾಡಿಕೊಳ್ಳುವಂತಾದರೆ ಅದೇನು ಸಣ್ಣ ಲಾಭವಲ್ಲ.

ಪ್ರಶ್ನೆ: ಎರಡು ವಾರದಿಂದ ಕಾರ್ಯಾಗಾರಕ್ಕೆ ಹೋಗುತ್ತಿದ್ದೇನೆ. ಪ್ರತಿ ವಾರ ಒಂದು ಯೋಜನೆ ಹೇಳಬೇಕು. ಮೊದಲ ವಾರ ‘ತೂಕ ಇಳಿಸುತ್ತೇನೆ’ ಎಂದೆ, ಎರಡನೇ ವಾರ ‘ದಿನಾ ನಡೆಯುತ್ತೇನೆ’ ಎಂದೆ. ಎರಡೂ ಆಗಲಿಲ್ಲ. ಮುಂದಿನ ವಾರ ಹೋಗಲು ಮುಜುಗರವಾಗುತ್ತಿದೆ.

ಉತ್ತರ: ಖಂಡಿತ ಹೋಗಿ. ಆ ಎರಡೂವರೆ ಗಂಟೆಯಲ್ಲಿ ಬೇರೆ ಏನೇ ಕಲಿಸಿದರೂ ಈ ವಾರದ ಯೋಜನೆಯೇ ಎಲ್ಲದರ ತಿರುಳು. ನಿಮ್ಮಲ್ಲಿ ಛಲ ಕಡಿಮೆಯಿಲ್ಲ, ಯೋಜನೆ ಕಟ್ಟಿದ ರೀತಿಯಲ್ಲಿ ತೊಡಕಿದೆ.

ತೂಕ ಇಳಿಯುವುದು ಫಲ, ನೀವು ಮಾಡುವ ಕೆಲಸವಲ್ಲ. ಒಂದು ವಾರದಲ್ಲಿ ಅದು ನಿಮ್ಮ ಕೈಯಲ್ಲಿಲ್ಲ. ‘ದಿನಾ ನಡೆಯುತ್ತೇನೆ’ ಎಂಬುದು ಕೆಲಸವೇ, ಆದರೆ ಎಷ್ಟು ಹೊತ್ತು, ಯಾವಾಗ ಎಂಬುದಿಲ್ಲ. ‘ದಿನಾ’ ಎಂದದ್ದಕ್ಕೆ ಒಂದು ದಿನ ತಪ್ಪಿದರೂ ಯೋಜನೆ ಮುರಿದಂತೆ, ಆಮೇಲೆ ಮನಸ್ಸು ಪೂರ್ತಿ ಕೈಚೆಲ್ಲುತ್ತದೆ. ಅದಕ್ಕೇ ವಾರಕ್ಕೆ ಮೂರರಿಂದ ಐದು ದಿನ ಎಂದಿಟ್ಟುಕೊಳ್ಳಬೇಕು, ಉಳಿದ ದಿನಗಳು ಮಳೆಗೆ, ನೆಂಟರಿಗೆ, ಮೈ ಸರಿಯಿಲ್ಲದ್ದಕ್ಕೆ.

ಈ ಸಲ ಹೀಗೆ ಬರೆಯಿರಿ: ‘ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಕೆಲಸ ಮುಗಿಸಿ ಬಂದ ಕೂಡಲೇ, ಚಪ್ಪಲಿ ಬಿಚ್ಚುವ ಮೊದಲು, 10 ನಿಮಿಷ ನಡೆಯುತ್ತೇನೆ.’ ಏನು, ಎಷ್ಟು, ಯಾವಾಗ, ವಾರಕ್ಕೆ ಎಷ್ಟು ಸಲ ಎಂಬ ನಾಲ್ಕೂ ಇದರಲ್ಲಿವೆ. ಬೇರೆಯವರು ಹೇಳಿದರೆಂದು ನಡಿಗೆಯನ್ನೇ ಆರಿಸಬೇಕಾಗಿಲ್ಲ, ನಿಮಗೆ ಮಾಡಬೇಕೆನಿಸಿದ್ದೇ ಇರಲಿ. ನಂತರ ನಿಮ್ಮನ್ನೇ ಕೇಳಿಕೊಳ್ಳಿ: ಇಷ್ಟನ್ನೂ ಪೂರ್ತಿ ಮಾಡುತ್ತೇನೆಂಬ ನಂಬಿಕೆ 0ಯಿಂದ 10ರೊಳಗೆ ಎಷ್ಟು? 7 ಅಥವಾ ಮೇಲೆ ಬಂದರೆ ಸರಿ. 5 ಬಂದರೆ ಅಡ್ಡಿ ಏನೆಂದು ಗುಂಪಿನಲ್ಲಿ ಹೇಳಿ, ಯೋಜನೆ ತಿದ್ದಿ. 10 ನಿಮಿಷ 5 ಆಗಲಿ, ಮೂರು ದಿನ ಎರಡಾಗಲಿ. ಈ ಅಂಕಿ ಬರಿಯ ಶಾಸ್ತ್ರಕ್ಕಲ್ಲ. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆ ಮುಂದಿನ ನಡೆಯನ್ನು ತೀರ್ಮಾನಿಸುತ್ತದೆ ಎಂಬ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅವರ ವಿಚಾರದ ಮೇಲೆ ಈ ಕಾರ್ಯಾಗಾರ ನಿಂತಿದೆ. ಆ ನಂಬಿಕೆ ಬೆಳೆಯುವುದು ಮುಖ್ಯವಾಗಿ ಮಾಡಿ ಗೆದ್ದಾಗ. ಆದ್ದರಿಂದ ಗೆಲ್ಲುವಷ್ಟು ಸಣ್ಣದನ್ನೇ ಆರಿಸಿ.

ಮುಂದಿನ ವಾರ ಆಗಲಿಲ್ಲವೆಂದರೂ ಹಾಗೆಯೇ ಹೇಳಿ. ಏಕೆ ಆಗಲಿಲ್ಲ ಎಂಬುದರಿಂದಲೇ ಗುಂಪಿಗೆ ಕೆಲಸ ಸಿಗುತ್ತದೆ.

ಪ್ರಶ್ನೆ: ಸ್ವಲ್ಪ ಹುಷಾರಾದ ದಿನ ಮನೆಯ ಬಾಕಿ ಕೆಲಸವನ್ನೆಲ್ಲ ಮುಗಿಸುತ್ತೇನೆ. ಆಮೇಲೆ ಎರಡು ಮೂರು ದಿನ ಏಳಲಾಗುವುದಿಲ್ಲ. ಸಂಧಿವಾತವಿದೆ.

ಉತ್ತರ: ಒಳ್ಳೆಯ ದಿನಕ್ಕೆ ತಕ್ಕಂತೆ ಅಲ್ಲ, ಕೆಟ್ಟ ದಿನವೂ ಮಾಡಬಲ್ಲಷ್ಟಕ್ಕೆ ತಕ್ಕಂತೆ ಕೆಲಸ ಹಂಚಿ. ಒಂದು ವಾರ ಗಡಿಯಾರ ನೋಡಿ, ನೋವು ಏರುವ ಮೊದಲು ಎಷ್ಟು ನಿಮಿಷ ನಿಂತು ಕೆಲಸ ಮಾಡುತ್ತೀರೆಂದು ಬರೆದಿಡಿ. ಸಾಮಾನ್ಯವಾಗಿ 20 ನಿಮಿಷವಾದರೆ 15ಕ್ಕೇ ಕುಳಿತುಬಿಡಿ. ನೋವು ಬಂದಮೇಲೆ ಕೂರುವುದಲ್ಲ, ಹೊತ್ತಾಯಿತೆಂದು ಕೂರುವುದು. ಇದು ಮನಸ್ಸಿಗೆ ಒಗ್ಗಲು ದಿನ ಹಿಡಿಯುತ್ತದೆ, ಕೈಯಲ್ಲಿರುವ ಕೆಲಸ ಅರ್ಧಕ್ಕೆ ಬಿಡುವುದು ಯಾರಿಗೂ ಸುಲಭವಲ್ಲ. ವ್ಯಾಯಾಮಕ್ಕೂ ಒಂದು ಅಳತೆಯಿದೆ: ಮಾಡಿ ಎರಡು ಗಂಟೆ ಕಳೆದ ಮೇಲೂ ಕೀಲುನೋವು ಮೊದಲಿಗಿಂತ ಹೆಚ್ಚಿದ್ದರೆ ಮುಂದಿನ ಸಲ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಪ್ರಶ್ನೆ: ನಮ್ಮ ಗುಂಪು ನಡೆಸಲು ನನ್ನನ್ನು ಕೇಳಿದ್ದಾರೆ, ತರಬೇತಿಯೂ ಆಗಿದೆ. ಒಬ್ಬರೇ ಎಲ್ಲ ಮಾತಾಡುವುದು, ಮಿಕ್ಕವರು ಉಪದೇಶಕ್ಕಿಳಿಯುವುದು, ಇದನ್ನು ಹೇಗೆ ತಡೆಯಲಿ?

ಉತ್ತರ: ಸಂಖ್ಯೆಯಿಂದ ಶುರುಮಾಡಿ. 10ರಿಂದ 16 ಜನ ಸಾಕು. ಹೆಚ್ಚಾದರೆ ಎಲ್ಲರ ಯೋಜನೆ ಕೇಳಲು ಹೊತ್ತು ಸಾಲದು, ತೀರ ಕಡಿಮೆಯಾದರೆ ಇಬ್ಬರು ಬಾರದ ದಿನ ಕೋಣೆ ಬರಿದಾಗುತ್ತದೆ. ಕುರ್ಚಿಗಳನ್ನು ಅರ್ಧಚಂದ್ರಾಕಾರದಲ್ಲಿ ಹಾಕಿ, ಬೆನ್ನಿಗೆ ಆಸರೆಯಿರಲಿ, ನಡುವೆ ಎದ್ದು ಓಡಾಡಬಹುದೆಂದು ಮೊದಲೇ ತಿಳಿಸಿ.

ಹೆಚ್ಚು ಮಾತಾಡುವವರನ್ನು ನಿಮ್ಮ ಎದುರಿಗಲ್ಲ, ಪಕ್ಕದಲ್ಲಿ ಕೂರಿಸಿಕೊಳ್ಳಿ. ಎದುರಿಗಿದ್ದರೆ ನಿಮ್ಮ ಕಣ್ಣು ತಾಗಿದಾಗಲೆಲ್ಲ ಅವರಿಗೆ ಮಾತಿಗೆ ಕರೆ ಬಂದಂತಾಗುತ್ತದೆ. ಸರದಿಯನ್ನು ಅವರ ಆಚೆ ಬದಿಯಿಂದ ಆರಂಭಿಸಿ. ಯೋಜನೆ ಹೇಗಿರಬೇಕೆಂದು ತೋರಿಸಲು ಮೊದಲು ನಿಮ್ಮದನ್ನೇ ಒಂದೇ ವಾಕ್ಯದಲ್ಲಿ ಹೇಳಿ. ನೀವು ಐದು ನಿಮಿಷ ತೆಗೆದುಕೊಂಡರೆ ಎಲ್ಲರೂ ಅಷ್ಟೇ ತೆಗೆದುಕೊಳ್ಳುತ್ತಾರೆ.

ಉಪದೇಶದ್ದು ಇನ್ನೂ ಸೂಕ್ಷ್ಮ. ಯಾರಾದರೂ ತೊಡಕು ಹೇಳಿದರೆ ನೀವು ಪರಿಹಾರ ಕೊಡಬೇಡಿ. ‘ಇಂಥದ್ದು ಬೇರೆ ಯಾರಿಗಾದರೂ ಆಗಿತ್ತೇ? ಏನು ಮಾಡಿದಿರಿ?’ ಎಂದು ಗುಂಪಿಗೆ ಕೇಳಿ ಸುಮ್ಮನಿರಿ. ಆ ಮೌನ ಬಹಳ ಉದ್ದ ಅನಿಸುತ್ತದೆ, ಮನಸ್ಸಿನಲ್ಲೇ 15ರವರೆಗೆ ಎಣಿಸಿ. ಬಂದ ಸಲಹೆಗಳನ್ನೆಲ್ಲ ಹೇಳಿದವರ ಮಾತಿನಲ್ಲೇ ಹಾಳೆಯ ಮೇಲೆ ಬರೆಯಿರಿ, ಪಟ್ಟಿ ಮುಗಿಯುವವರೆಗೆ ಸರಿ-ತಪ್ಪಿನ ಚರ್ಚೆ ಬೇಡ. ಆಮೇಲೆ ತೊಡಕು ಹೇಳಿದವರೇ ಒಂದನ್ನು ಆರಿಸಲಿ. ಯಾವುದೂ ಹಿಡಿಸದಿದ್ದರೆ ಬಿಡಲಿ, ‘ಅದನ್ನು ನೋಡಿದೆ, ಆಗಲಿಲ್ಲ’ ಎಂಬ ವಾದಕ್ಕೆ ಇಳಿಯದೆ ಮುಂದಿನವರಿಗೆ ಹೋಗಿ. ಔಷಧಿಯ ವಿಷಯದಲ್ಲಿ ಮಾತ್ರ ತಕ್ಷಣ ತಡೆಯಿರಿ. ಒಬ್ಬರ ಮಾತ್ರೆ ಇನ್ನೊಬ್ಬರಿಗೆ ಸಲಹೆಯಾಗಿ ಆ ಹಾಳೆಗೆ ಹೋಗಕೂಡದು.

ಪ್ರಶ್ನೆ: ಕಾರ್ಯಾಗಾರ ಮುಗಿದ ಮೇಲೆ ವ್ಯಾಯಾಮ ಕ್ರಮವಾಗಿ ನಡೆದಿದೆ. ಸಕ್ಕರೆ ಮಾತ್ರೆ ನಾನೇ ಕಡಿಮೆ ಮಾಡಬಹುದೇ?

ಉತ್ತರ: ಬೇಡ. ಆದರೆ ವೈದ್ಯರನ್ನು ಕೇಳಲು ಇದು ಸರಿಯಾದ ಹೊತ್ತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮ ಹೆಚ್ಚಿಸಿದರೆ ಸಕ್ಕರೆ ತೀರ ಇಳಿಯಬಹುದು. ನಡುಕ, ಬೆವರು, ಗೊಂದಲ ಕಂಡು, ಪರೀಕ್ಷಿಸಿದಾಗ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು, ಆಂಬ್ಯುಲೆನ್ಸ್ ಕರೆಯಬೇಕು.

ವೈದ್ಯರ ಬಳಿ ಹೋಗುವಾಗ ಎರಡು ವಾರದ ಸಕ್ಕರೆ ಅಂಕಿಗಳು, ವ್ಯಾಯಾಮದ ದಿನಗಳು, ಈಗಿನ ಎಲ್ಲ ಮಾತ್ರೆಗಳ ಪಟ್ಟಿ ಒಯ್ಯಿರಿ. ಮಾತ್ರೆಯ ಪ್ರಶ್ನೆಯನ್ನು ಎದ್ದು ಬರುವಾಗಲ್ಲ, ಕೂತ ಕೂಡಲೇ ಕೇಳಿ. ಹೊರಡುವ ಮೊದಲು ‘ಬೆಳಗಿನದು ಅರ್ಧ, ರಾತ್ರಿಯದು ಹಾಗೆಯೇ, ಸರಿಯೇ?’ ಎಂದು ಅವರು ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ ಖಚಿತಪಡಿಸಿಕೊಳ್ಳಿ.