ಹಳೆಯ ಮೋಟಾರ್ ಬೋಟಿಗೆ ಸ್ಟರ್ನ್‌ಡ್ರೈವ್ ಮತ್ತೆ ನಾನೇ ಕೂರಿಸಬಹುದೇ?

ನೀವು ಕೇಳಿದ್ದು ಇಷ್ಟು: ಮಿಷಿಗನ್‌ನಲ್ಲಿ 1989ರ ಬೋಟೊಂದನ್ನು ಕೊಂಡಿದ್ದೀರಿ. ಮರ್ಕ್ರೂಸರ್ ಕಂಪನಿಯ ಆಲ್ಫಾ ಒನ್ ಡ್ರೈವು. ಬೆಲ್ಲೋಸ್ ಎಂಬ ರಬ್ಬರ್ ಕೊಳವೆ ಬದಲಿಸಲು ಬಿಚ್ಚಿದ್ದು, ಚಳಿಗಾಲವಿಡೀ ಗ್ಯಾರೇಜಿನ ಮೂಲೆಯಲ್ಲಿದೆ. ಮೆಕ್ಯಾನಿಕ್ ಹೇಳಿದ ಕೂಲಿ ಕೇಳಿ ತಲೆ ತಿರುಗಿದೆ. ನೀವೇ ಕೂರಿಸಬಹುದೇ?

ಕೂರಿಸಬಹುದು. ನಾನೂ ಇದೇ ರಾಜ್ಯದಲ್ಲಿ, ಇದೇ ಡ್ರೈವನ್ನು ಎರಡು ಸಲ ಕೂರಿಸಿದ್ದೇನೆ. ಎರಡನೆಯ ಸಲ ಕೂರಿಸಬೇಕಾಗಿ ಬಂದದ್ದು ಮೊದಲನೆಯ ಸಲ ಮಾಡಿದ ತಪ್ಪಿನಿಂದ. ಆ ತಪ್ಪು ನಿಮ್ಮಿಂದ ಆಗದಿರಲಿ ಎಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಒಂದು ಮಾತು. ಸ್ಟರ್ನ್‌ಡ್ರೈವ್ ಬೋಟಿನಲ್ಲಿ ಎಂಜಿನ್ ಒಳಗೆ, ಹಿಂಬದಿಯಲ್ಲಿರುತ್ತದೆ. ಪ್ರೊಪೆಲ್ಲರ್ ಇರುವ ಕಾಲು ಹಿಂಗೋಡೆಯ ಆಚೆ ನೇತಾಡುತ್ತದೆ, ಡ್ರೈವು ಎಂದರೆ ಅದೇ. ವೋಲ್ವೊ ಪೆಂಟಾದವರು 1959ರಲ್ಲಿ ಈ ಬಗೆಯದನ್ನು ಮಾರುಕಟ್ಟೆಗೆ ತಂದರು, 1961ರಲ್ಲಿ ಮರ್ಕ್ರೂಸರ್ ಬಂತು. ಎಂಜಿನ್ನಿನ ಶಕ್ತಿ ಆ ಗೋಡೆಯ ತೂತಿನ ಮೂಲಕ ಯು-ಜಾಯಿಂಟ್ ಶಾಫ್ಟಿನಲ್ಲಿ, ಅಂದರೆ ಬಾಗುವ ಕೀಲಿರುವ ಶಾಫ್ಟಿನಲ್ಲಿ, ಹೊರಗೆ ಬರುತ್ತದೆ. ಆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ. ಕೆರೆಗೂ ನಿಮ್ಮ ಬೋಟಿಗೂ ನಡುವೆ ಇರುವುದು ಆ ಬೆಲ್ಲೋಸ್ ಒಂದೇ. ಅದರಲ್ಲಿ ಒಂದು ಸೀಳು ಬಿದ್ದರೂ ಬೋಟು ಮುಳುಗುತ್ತದೆ. ಹೊಸದು ಹಾಕಿದ್ದೀರಿ, ಒಳ್ಳೆಯದು. ಆದರೂ ಕ್ಲಾಂಪು ಬಿಗಿಯಾಗಿದೆಯೇ, ಅಂಚು ಸುತ್ತಲೂ ಕೂತಿದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಡ್ರೈವು ಏರಿದ ಮೇಲೆ ಆ ಜಾಗ ಕಾಣುವುದಿಲ್ಲ.

ಆಮೇಲೆ ಒಳಗೆ ಬೆರಳು ಹಾಕಿ, ಆ ಶಾಫ್ಟನ್ನು ಹಿಡಿದಿಡುವ ಗಿಂಬಲ್ ಬೇರಿಂಗನ್ನು ತಿರುಗಿಸಿ. ಬೆಣ್ಣೆಯಂತೆ ತಿರುಗಬೇಕು. ಮರಳು ಅರೆದಂತೆ ಅನ್ನಿಸಿದರೆ ಈಗಲೇ ಬದಲಿಸಿ, ಇನ್ನೊಮ್ಮೆ ಬಿಚ್ಚುವ ಕೆಲಸ ತಪ್ಪುತ್ತದೆ.

ಮುಂದಿನದು ಅಲೈನ್‌ಮೆಂಟ್, ಅಂದರೆ ಎಂಜಿನ್ನೂ ಡ್ರೈವೂ ಒಂದೇ ನೇರಕ್ಕೆ ಬರುವಂತೆ ಹೊಂದಿಸುವುದು. ನಾನು ಕಂಡಂತೆ ಮನೆಯಲ್ಲಿ ಕೆಲಸ ಮಾಡುವವರು ಬಿಟ್ಟುಬಿಡುವುದು ಇದನ್ನೇ. ಉದ್ದನೆಯ ಉಕ್ಕಿನ ಅಲೈನ್‌ಮೆಂಟ್ ಬಾರ್ ಸಿಗುತ್ತದೆ, ಕೊಳ್ಳಿ ಇಲ್ಲವೇ ಯಾರಿಂದಾದರೂ ಎರವಲು ತನ್ನಿ. ಅದರ ತುದಿಗೆ ತೆಳುವಾಗಿ ಗ್ರೀಸ್ ಸವರಿ, ಗಿಂಬಲ್ ಬೇರಿಂಗಿನ ಮೂಲಕ ಶಾಫ್ಟು ಬಂದು ಸೇರುವ ಎಂಜಿನ್ನಿನ ಕಪ್ಲರ್‌ಗೆ ತೂರಿಸಿ. ಎರಡು ಬೆರಳಲ್ಲಿ ತಳ್ಳಿದರೆ ಹೋಗಬೇಕು. ಹೋಗದಿದ್ದರೆ ಬೇರಿಂಗ್ ಓರೆಯಾಗಿರಬಹುದು, ಬಾರಿನ ಹೊರತುದಿಯನ್ನು ನಾಲ್ಕೂ ಕಡೆಯಿಂದ ಮೆಲ್ಲಗೆ ತಟ್ಟಿದರೆ ನೆಟ್ಟಗಾಗುತ್ತದೆ. ಹೊರತೆಗೆದು ಗ್ರೀಸಿನ ಮೇಲೆ ಬಿದ್ದ ಗೀರುಗಳನ್ನು ನೋಡಿ. ಸುತ್ತಲೂ ಒಂದೇ ಸಮನಾಗಿದ್ದರೆ ಸರಿ. ಮೇಲೋ ಕೆಳಗೋ ಮಾತ್ರ ಇದ್ದರೆ ಎಂಜಿನ್ ಕೂತಿರುವ ಮುಂದಿನ ಮೌಂಟುಗಳ ನಟ್ಟು ತಿರುಗಿಸಿ ಏರಿಸಬೇಕು, ಇಲ್ಲವೇ ಇಳಿಸಬೇಕು. ಎಷ್ಟು ಹೊಂದಿಸಿದರೂ ನಿಲ್ಲದಿದ್ದರೆ ಮೌಂಟಿನ ಕೆಳಗಿನ ಮರವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಆ ಕಾಲದ ಬೋಟುಗಳಲ್ಲಿ ಫೈಬರ್ ಹೊದಿಕೆಯ ಒಳಗೆ ಮರವಿರುತ್ತದೆ. ಅದು ಕೊಳೆತರೆ ಎಂಜಿನ್ ಕುಸಿಯುತ್ತದೆ. ಆಗ ಡ್ರೈವಿನ ಮಾತು ಬಿಡಿ, ಮೊದಲು ಮರದ ಕೆಲಸ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಡ್ರೈವು ಕೂರುವ ಬೆಲ್ ಹೌಸಿಂಗಿನಲ್ಲಿ ಗೇರಿನ ಕೇಬಲ್ಲಿಗೆ ಸೇರಿದ ಒಂದು ಪುಟ್ಟ ದವಡೆಯಿದೆ. ಡ್ರೈವಿನ ಮೇಲ್ಭಾಗದಿಂದ ಹೊರಚಾಚಿದ ಚಿಕ್ಕ ಸನ್ನೆ (ಲಿವರ್) ಆ ದವಡೆಯೊಳಗೆ ಹೊಕ್ಕಬೇಕು. ಬೋಟಿನೊಳಗಿನ ಗೇರಿನ ಹಿಡಿಯನ್ನು ಮುಂದಿನ ಗೇರಿಗೆ ಹಾಕಿದಾಗ ಮಾತ್ರ ದವಡೆ ನೇರ ಹಿಂದಕ್ಕೆ ಬಾಯ್ತೆರೆಯುತ್ತದೆ. ಡ್ರೈವು ಕೂಡ ಮುಂದಿನ ಗೇರಿನಲ್ಲೇ ಇರಬೇಕು. ನಾನು ಡ್ರೈವನ್ನು ಮುಂದಿನ ಗೇರಿಗೆ ಹಾಕಿದೆ, ಆದರೆ ಜಾಗ್ರತೆಯೆಂದುಕೊಂಡು ಹಿಡಿಯನ್ನು ನ್ಯೂಟ್ರಲ್‌ನಲ್ಲಿ ಬಿಟ್ಟೆ. ಕೊನೆಯ ಒಂದಿಂಚು ಒಳಗೆ ಹೋಗಲಿಲ್ಲ. ನಟ್ಟು ಬಿಗಿದರೆ ತಾನೇ ಬರುತ್ತದೆ ಅಂದುಕೊಂಡು ಬಿಗಿದೆ. ಬಂತು. ನೀರಿನ ಪೈಪು ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರೆ, ಹಿಡಿ ನ್ಯೂಟ್ರಲ್‌ನಲ್ಲಿದ್ದರೂ ಪ್ರೊಪೆಲ್ಲರ್ ಗಿರ್ರನೆ ತಿರುಗತೊಡಗಿತು! ಅದರಿಂದ ಮೂರಡಿ ದೂರದಲ್ಲಿ ನನ್ನ ಮಗ ನಿಂತಿದ್ದ. ಬಿಚ್ಚಿ ನೋಡಿದರೆ ಸನ್ನೆ ದವಡೆಯ ಪಕ್ಕಕ್ಕೆ ಗುದ್ದಿತ್ತು, ದವಡೆ ಸೊಟ್ಟಗಾಗಿತ್ತು, ಗ್ಯಾಸ್ಕೆಟ್ ಹರಿದಿತ್ತು.

ಆದ್ದರಿಂದ ನಟ್ಟಿನಿಂದ ಡ್ರೈವನ್ನು ಒಳಗೆ ಎಳೆಯಬೇಡಿ. ಕೈಯಲ್ಲಿ ತಳ್ಳಿದರೆ ಹೋಗಬೇಕು, ಇಲ್ಲವೇ ಹಿಂದಕ್ಕೆ ತೆಗೆದು ಯಾಕೆಂದು ನೋಡಬೇಕು.

ಆದರೆ ಕೊನೆಯಲ್ಲಿ ಸ್ವಲ್ಪ ಬಿಗಿ ಇದ್ದೇ ಇರುತ್ತದೆ. ಯು-ಜಾಯಿಂಟ್ ಶಾಫ್ಟಿನ ಓ-ರಿಂಗುಗಳು, ಅಂದರೆ ರಬ್ಬರ್ ಉಂಗುರಗಳು, ಬೇರಿಂಗಿನೊಳಗೆ ಹೊಗುವಾಗಿನ ಬಿಗಿ ಅದು. ಹೊಸ ಓ-ರಿಂಗಿಗೆ ಗ್ರೀಸ್ ಹಚ್ಚಿದ್ದರೆ ಅಂಗೈಯಿಂದ ಎರಡು ಸಲ ಒತ್ತಿದರೆ ಸರಿಯುತ್ತದೆ, ಆಗ ಉಳಿಯುವ ಸಂದು ಸುತ್ತಲೂ ಒಂದೇ ಅಗಲವಿರುತ್ತದೆ. ಸಂದು ಮೇಲೆ ಅಗಲ, ಕೆಳಗೆ ಕಿರಿದು ಇದ್ದರೆ ಡ್ರೈವು ಓರೆಯಾಗಿದೆ, ಅದನ್ನು ಹೊತ್ತ ಜ್ಯಾಕಿನ ಎತ್ತರ ಸರಿಮಾಡಿ. ಇನ್ನೂ ಎರಡು ಮೂರು ಇಂಚು ಬಾಕಿಯಿರುವಾಗಲೇ ಗಟ್ಟಿಯಾಗಿ ತಡೆದರೆ ಶಾಫ್ಟಿನ ತುದಿಯ ಸ್ಪ್ಲೈನ್ ಹಲ್ಲುಗಳು ಕಪ್ಲರಿನ ಹಲ್ಲುಗಳೊಂದಿಗೆ ಕೂಡಿಲ್ಲವೆಂದರ್ಥ. ಡ್ರೈವು ಗೇರಿನಲ್ಲಿರುವುದರಿಂದ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿದರೆ ಶಾಫ್ಟೂ ತಿರುಗುತ್ತದೆ. ಒಂದು ದಿಕ್ಕಿಗೆ ಕಟಕಟ ಎನ್ನುತ್ತದೆ, ಇನ್ನೊಂದಕ್ಕೆ ಹಿಡಿಯುತ್ತದೆ. ಹಿಡಿಯುವ ದಿಕ್ಕಿಗೆ ಒಬ್ಬರು ನಿಧಾನಕ್ಕೆ ತಿರುಗಿಸುತ್ತಿರಬೇಕು, ಇನ್ನೊಬ್ಬರು ತಳ್ಳಬೇಕು. ನಮ್ಮಲ್ಲಿ ತಿರುಗಿಸಿದ್ದು ನನ್ನ ಹೆಂಡತಿ. "ಹೋಯ್ತು" ಎಂದು ಹೇಳಿದ್ದೂ ಅವಳೇ, ನನಗೆ ಗೊತ್ತೇ ಆಗಲಿಲ್ಲ.

ತೂಕ ಐವತ್ತು ಕಿಲೋ ಆಸುಪಾಸು. ಇಬ್ಬರು ಎತ್ತಬಹುದು, ಆದರೆ ಎತ್ತಿಕೊಂಡು ಗುರಿ ಹಿಡಿಯಲು ಆಗುವುದಿಲ್ಲ. ಎಂಜಿನ್ ಎತ್ತುವ ಹಾಯ್ಸ್ಟ್ ಅಥವಾ ಡ್ರೈವ್ ಜ್ಯಾಕ್ ಬಾಡಿಗೆಗೆ ತನ್ನಿ. ಸ್ಪ್ಲೈನಿಗೆ ಅದಕ್ಕೆಂದೇ ಬರುವ ಕಪ್ಲರ್ ಗ್ರೀಸನ್ನು ಬಳಸಿ. ಗಾಡಿಯ ಅಚ್ಚಿಗೆ ಕೀಲೆಣ್ಣೆ ಬಿಟ್ಟಂತೆ ಕೈಗೆ ಸಿಕ್ಕಿದ್ದನ್ನು ಹಚ್ಚಿದರೆ ಹಲ್ಲು ಸವೆದು ಕಪ್ಲರ್ ಹೋಗುತ್ತದೆ, ಅದಕ್ಕೆ ಎಂಜಿನ್ನೇ ಹೊರಬರಬೇಕು. ಬೆಲ್ ಹೌಸಿಂಗ್ ಗ್ಯಾಸ್ಕೆಟ್ ಮತ್ತು ನೀರಿನ ದಾರಿಯ ಓ-ರಿಂಗ್ ಹೊಸದೇ ಇರಲಿ. ನಟ್ಟುಗಳು ಆರು. ಎದುರುಬದುರಾಗಿ, ಹಂತ ಹಂತವಾಗಿ 50 ಅಡಿ-ಪೌಂಡಿಗೆ, ಅಂದರೆ 68 ನ್ಯೂಟನ್-ಮೀಟರಿಗೆ ಬಿಗಿಯಿರಿ.

ಗೇರ್ ಎಣ್ಣೆಯನ್ನು ಕೆಳಗಿನ ತೂತಿನಿಂದ ಪಂಪು ಮಾಡಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಉಕ್ಕುವವರೆಗೆ. ಮೇಲಿನ ಸ್ಕ್ರೂ ಮೊದಲು, ಕೆಳಗಿನದು ಆಮೇಲೆ. ಮುಂದೆ ಎಂದಾದರೂ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ತಿಳಿಯಿರಿ. ನಮ್ಮ ಚಳಿಯಲ್ಲಿ ಆ ನೀರು ಹೆಪ್ಪುಗಟ್ಟಿದರೆ ಹೌಸಿಂಗ್ ಒಡೆಯುತ್ತದೆ.

ಚಾಲೂ ಮಾಡುವ ಮುಂಚೆ ಪ್ರೊಪೆಲ್ಲರ್ ಬಿಚ್ಚಿಡಿ, ನೀರು ಬಿಡಿ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬೇಡಿ. ಈ ಡ್ರೈವಿನಲ್ಲಿ ನೀರೆತ್ತುವ ರಬ್ಬರ್ ಇಂಪೆಲ್ಲರ್ ಕಾಲಿನೊಳಗೇ ಇದೆ, ಒಣಗಿದರೆ ಸುಟ್ಟುಹೋಗುತ್ತದೆ. ಹಿಡಿ ನ್ಯೂಟ್ರಲ್‌ನಲ್ಲಿರುವಾಗ ಶಾಫ್ಟನ್ನು ಗೇರು ತಿರುಗಿಸುತ್ತಿಲ್ಲವೆಂದು ನೋಡಿಕೊಂಡೇ ಮುಂದಕ್ಕೆ, ಹಿಂದಕ್ಕೆ ಹಾಕಿ.

ನೀರಿಗಿಳಿಸಿದ ದಿನ ಟ್ರೇಲರಿನ ಪಟ್ಟಿ ಬಿಚ್ಚದೆ ಹದಿನೈದು ನಿಮಿಷ ಹಾಗೇ ನಿಲ್ಲಿಸಿ, ಎಂಜಿನ್ನಿನ ಹಿಂದೆ ತಳದಲ್ಲಿ ನೀರು ಜಿನುಗುತ್ತಿದೆಯೇ ನೋಡಿ. ತಳದ ಬಿರಡೆ ಹಾಕಿದ್ದೀರಿ ತಾನೇ? ಕೂರಿಸುವ ಮುಂಚೆ ಆ ದವಡೆಯ ಒಂದು ಫೋಟೋ ಇಲ್ಲಿ ಹಾಕಿದರೆ ನೇರವಾಗಿದೆಯೋ ಇಲ್ಲವೋ ನಾನೂ ನೋಡಿ ಹೇಳುತ್ತೇನೆ.