ಫ್ರೀಮಾಂಟಿಗೆ ಬರಲಿರುವ ತಾಯಿಯೊಬ್ಬರಿಗೆ ಉತ್ತರ

ನಮಸ್ಕಾರ. ಯಜಮಾನರ ಕೆಲಸದ ನಿಮಿತ್ತ ಮುಂದಿನ ತಿಂಗಳು ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬರಲಿರುವ ನೀವು, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕಷ್ಟವಾಗುವ ಸ್ಥಿತಿ) ಇರುವ ಏಳು ವರ್ಷದ ಮಗನನ್ನು ಇಲ್ಲಿಯ ಶಾಲೆ ಸೇರಿಸಿಕೊಳ್ಳುತ್ತದೆಯೇ, ಬೀದಿಯಲ್ಲಿ ಜನ ಅವನನ್ನು ದಿಟ್ಟಿಸುತ್ತಾರೆಯೇ, ಒಟ್ಟಿನಲ್ಲಿ ಇಲ್ಲಿಯವರು ಕರುಣೆಯುಳ್ಳವರೇ ಎಂದು ಕೇಳಿದ್ದೀರಿ. ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು, ಅದು ಕಾನೂನು. ದಿಟ್ಟಿಸುವವರು ಕಡಿಮೆ; ನಮ್ಮವರ ಸತ್ಯನಾರಾಯಣ ಪೂಜೆಗಳಲ್ಲಿ ಮಾತ್ರ "ಯಾವ ಡಾಕ್ಟರಿಗೆ ತೋರಿಸಿದಿರಿ" ಎಂಬ ಪ್ರಶ್ನೆ ತಪ್ಪುವುದಿಲ್ಲ. ಮೂರನೆಯ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸಬೇಕು.

ನನಗೆ ಪೋಲಿಯೊ ಆದದ್ದು ಮೂರನೆಯ ವಯಸ್ಸಿನಲ್ಲಿ. ಊರಿನ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಮಹಡಿಯ ಮೇಲಿದ್ದುದರಿಂದ ಅಪ್ಪ ದಿನವೂ ನನ್ನನ್ನು ಉಪ್ಪುಮೂಟೆ ಹೊತ್ತು ಮೇಲೆ ಕೂರಿಸಿ, ಸಂಜೆ ಇಳಿಸಲು ಬರುತ್ತಿದ್ದರು. ನಡುವೆ ಶೌಚಾಲಯಕ್ಕೆ ಇಳಿಯುವಂತಿರಲಿಲ್ಲವಾಗಿ ನಾನು ಬೆಳಗಿನಿಂದ ನೀರನ್ನೇ ಕುಡಿಯುತ್ತಿರಲಿಲ್ಲ. ತರಗತಿಯನ್ನು ಕೆಳಗಿನ ಕೋಣೆಗೆ ಬದಲಾಯಿಸಿ ಎಂದು ಕೇಳಬಹುದೆಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಸೇರಿಸಿಕೊಂಡದ್ದೇ ದೊಡ್ಡದೆಂದು ಹೆಡ್‌ಮೇಷ್ಟ್ರ ಮನೆಗೆ ತೋಟದ ಎಳನೀರು ಕೊಟ್ಟು ಬರುತ್ತಿದ್ದೆವು.

ಅದೇ ಮನಸ್ಸನ್ನು ಹೊತ್ತು ಇಲ್ಲಿಗೂ ಬಂದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಪಟ್ಟಣದಲ್ಲಿ ಮೊದಲ ಸಲ ಬಸ್ಸು ಹತ್ತಿದ ದಿನ, ಬಸ್ಸು ನನ್ನೆದುರು ಮೂತಿ ತಗ್ಗಿಸಿತು, ಬಾಗಿಲಿನಿಂದ ಹಲಗೆಯೊಂದು ಮಗುಚಿ ರಸ್ತೆಗೆ ಬಿತ್ತು, ಚಾಲಕ ಎದ್ದು ಬಂದು ಗಾಲಿಕುರ್ಚಿಗೆ ಪಟ್ಟಿ ಬಿಗಿದ. ನಾನು ಮೂರು ಬಾರಿ ಧನ್ಯವಾದ ಹೇಳಿ ಕೈಯನ್ನೂ ಮುಗಿದೆ. ಪಕ್ಕದಲ್ಲಿ ವಿದ್ಯುತ್ ಗಾಲಿಕುರ್ಚಿಯಲ್ಲಿದ್ದ ಹಿರಿಯ ಹೆಂಗಸೊಬ್ಬರು ನಕ್ಕು, "ಉಳಿದವರು ಮೆಟ್ಟಿಲು ಹತ್ತಿ ಬಂದಾಗ, ಮೆಟ್ಟಿಲು ಇಟ್ಟದ್ದಕ್ಕೆ ಯಾರಾದರೂ ಕೈಮುಗಿದರೇ?" ಎಂದರು. ಅಂದು ಶುರುವಾದ ಮಾತು ವರ್ಷಗಟ್ಟಲೆ ನಡೆಯಿತು.

ಅವರು 1977ರ ಧರಣಿಯಲ್ಲಿ ಕುಳಿತವರು. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವೈಕಲ್ಯದ ಕಾರಣಕ್ಕೆ ತಾರತಮ್ಯ ಮಾಡಕೂಡದೆಂಬ 504ನೆಯ ಸೆಕ್ಷನ್ 1973ರಲ್ಲೇ ಕಾನೂನಾಗಿದ್ದರೂ, ಅದನ್ನು ಜಾರಿಗೆ ತರುವ ನಿಯಮಗಳಿಗೆ ನಾಲ್ಕು ವರ್ಷ ಯಾವ ಮಂತ್ರಿಯೂ ಸಹಿ ಹಾಕಿರಲಿಲ್ಲ. ಆ ವರ್ಷದ ಏಪ್ರಿಲ್ 5ರಂದು ಸುಮಾರು ನೂರೈವತ್ತು ಮಂದಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡದೊಳಗೆ ಹೋಗಿ ಕುಳಿತರು. ಮುಂದಾಳುಗಳಲ್ಲಿ ಪೋಲಿಯೊ ಆಗಿದ್ದ ಜೂಡಿ ಹ್ಯೂಮನ್ ಒಬ್ಬರು. ಟೆಲಿಫೋನ್ ಕಡಿದುಹಾಕಿದಾಗ ಕಿವುಡರು ಕಿಟಕಿಯಲ್ಲಿ ನಿಂತು ಸಂಜ್ಞಾಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಬಿಸಿಯೂಟ ತಂದುಕೊಟ್ಟರು. ರಾತ್ರಿ ಮಗ್ಗುಲು ಬದಲಿಸಲಾರದವರನ್ನು ಕೈ ಗಟ್ಟಿ ಇದ್ದವರು ಹೊರಳಿಸುತ್ತಿದ್ದರಂತೆ. ಏಪ್ರಿಲ್ 28ರಂದು ಸಹಿ ಬಿತ್ತು. "ಕರುಣೆ ನಮಗೆ ಮೊದಲೂ ಬೇಕಾದಷ್ಟು ಸಿಗುತ್ತಿತ್ತು, ಸಿಗದೇ ಇದ್ದದ್ದು ಸಹಿ" ಎಂದು ಬಸ್ಸಿನ ಆ ಹಿರಿಯರು ಹೇಳಿದ್ದು ನಿಮ್ಮ ಪ್ರಶ್ನೆಗೂ ಉತ್ತರವೆಂದು ತಿಳಿಯುತ್ತೇನೆ.

ಎಡ್ ರಾಬರ್ಟ್ಸ್ ಅವರ ಕಥೆಯನ್ನೂ ನಾನು ಮೊದಲು ಕೇಳಿದ್ದು ಆ ಹಿರಿಯರಿಂದಲೇ. ಉಸಿರಾಟಕ್ಕೆ ಕಬ್ಬಿಣದ ಶ್ವಾಸಯಂತ್ರ ಬೇಕಿದ್ದ ಆ ಯುವಕ 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯ ಸೇರಿ, ಆವರಣದ ಆಸ್ಪತ್ರೆಯಲ್ಲೇ ವಾಸವಿದ್ದು ಓದಿದರು. ದುಡಿಯಲು ಈತ ಅನರ್ಹನೆಂದು ಒಮ್ಮೆ ತೀರ್ಮಾನಿಸಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೇ 1975ರಲ್ಲಿ ಮುಖ್ಯಸ್ಥರಾದರು. ಬರ್ಕ್ಲಿಯ ಆಶ್ಬಿ ರೈಲು ನಿಲ್ದಾಣದ ಬಳಿ ಅವರ ಹೆಸರಿನ ಕಟ್ಟಡವಿದೆ. ಅದರ ಕೆಂಪು ಇಳಿಜಾರು ಒಳಾಂಗಣದ ನಟ್ಟನಡುವೆ ಸುರುಳಿ ಸುತ್ತಿ ಮೇಲೇರುತ್ತದೆ, ಹಿತ್ತಿಲ ಬಾಗಿಲ ಪಕ್ಕ ಬಚ್ಚಿಟ್ಟದ್ದಲ್ಲ. ನಮ್ಮಲ್ಲಿ ಇಂಥವರು ಇರಲಿಲ್ಲವೆಂದಲ್ಲ: ಸ್ವತಃ ಅಂಗವೈಕಲ್ಯವಿದ್ದ ಎನ್. ಎಸ್. ಹೇಮಾ ಅವರು ಬೆಂಗಳೂರಿನಲ್ಲಿ ಅಂಗವಿಕಲರ ಸಂಸ್ಥೆ ಕಟ್ಟಿದ್ದು 1959ರಲ್ಲಿ. ಅವರ ಹೆಸರನ್ನು ನಾನು ತಿಳಿದದ್ದು ಬರ್ಕ್ಲಿಗೆ ಬಂದ ಮೇಲೆ ಎನ್ನಲು ನಾಚಿಕೆಯಾಗುತ್ತದೆ.

ಎಲ್ಲವೂ ಇಲ್ಲಿ ಸರಿಯಿದೆ ಎಂದುಕೊಳ್ಳಬೇಡಿ. ರೈಲು ನಿಲ್ದಾಣದ ಲಿಫ್ಟ್ ಕೆಟ್ಟು ರಾತ್ರಿ ಹತ್ತರಲ್ಲಿ ಮುಂದಿನ ನಿಲ್ದಾಣದವರೆಗೆ ಹೋಗಿ ಬಸ್ಸಿನಲ್ಲಿ ಹಿಂದಿರುಗಿದ್ದೇನೆ. ನಮ್ಮ ಪರಿಚಯದ ದಂಪತಿಗಳು ಶಾಲೆಯ ಸಭೆಯಲ್ಲಿ ಮುಂದಿಟ್ಟ ಕಾಗದಕ್ಕೆ ಸಂಕೋಚದಿಂದ ಕೂಡಲೇ ಸಹಿ ಹಾಕಿ, ಮಗಳ ಫಿಸಿಯೊಥೆರಪಿ ಅದರಲ್ಲಿ ಇಲ್ಲವೆಂಬುದನ್ನು ತಿಂಗಳುಗಳ ನಂತರ ಗಮನಿಸಿದರು.

ಆದ್ದರಿಂದ ನೀವು ಮಾಡಬೇಕಾದದ್ದಿಷ್ಟು. ಮಗನಿಗೆ ವಿಶೇಷ ಶಿಕ್ಷಣದ ಮೌಲ್ಯಮಾಪನ ಬೇಕೆಂದು ಶಾಲೆಗೆ ಬರವಣಿಗೆಯಲ್ಲಿಯೇ ಕೇಳಿ, ಬಾಯಿಮಾತು ಲೆಕ್ಕಕ್ಕಿಲ್ಲ. ಕಾಗದ ತಲುಪಿದ 15 ದಿನಗಳೊಳಗೆ ಅವರು ಮೌಲ್ಯಮಾಪನದ ಯೋಜನೆ ಕೊಡಬೇಕು. ನೀವು ಒಪ್ಪಿ ಸಹಿ ಹಾಕಿದ ಮೇಲೆ, ಶಾಲೆಯ ದೀರ್ಘ ರಜೆಗಳನ್ನು ಬಿಟ್ಟು, 60 ದಿನಗಳೊಳಗೆ ಐಇಪಿ (ಮಗುವಿಗೆಂದೇ ರೂಪಿಸುವ ಶಿಕ್ಷಣ ಯೋಜನೆ) ಸಭೆ ಸೇರಬೇಕು. ಆ ಸಭೆಗೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿದರೆ ವೆಚ್ಚ ಶಾಲೆಯದೇ. ಕಾಗದವನ್ನು ಮನೆಗೆ ತಂದು ಓದಿ, ಒಪ್ಪಿದ ಭಾಗಕ್ಕಷ್ಟೇ ಸಹಿ ಹಾಕಿ. ಜೊತೆಗೆ, ಬೆಳವಣಿಗೆಯ ಅಂಗವೈಕಲ್ಯವಿರುವವರಿಗೆ ನೆರವು ಒದಗಿಸುವ ಈಸ್ಟ್ ಬೇ ರೀಜನಲ್ ಸೆಂಟರಿಗೂ ಅರ್ಜಿ ಹಾಕಿ. ಸೆರೆಬ್ರಲ್ ಪಾಲ್ಸಿ ಅವರ ಪಟ್ಟಿಯಲ್ಲಿದೆ, ಪೌರತ್ವ ಬೇಕಿಲ್ಲ. ನಿಮ್ಮ ಊರಿನ ವೈದ್ಯರ ವರದಿಗಳನ್ನು, ಲಸಿಕೆಯ ದಾಖಲೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಶಾಲೆಗೆ ಕೊಡುವ ಅರ್ಜಿಯ ಕರಡನ್ನು ವಿಮಾನ ಹತ್ತುವ ಮುಂಚೆಯೇ ಬರೆದು ಕಳುಹಿಸಿದರೆ ತಿದ್ದಿಕೊಡುತ್ತೇನೆ. "ದಯವಿಟ್ಟು" ಎಂಬುದು ಒಂದು ಕಡೆ ಇದ್ದರೆ ಸಾಕು.